ಹೊಸ ಸ್ಮಾರ್ಟ್‌ವಾಚ್‌ಗೆ ಯಾವ ಆ್ಯಪ್ ಹಾಕಿಕೊಳ್ಳಬೇಕು? ಕಾರವಾರ, ಶಿರಸಿ, ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲದಲ್ಲಿ ಫೋನು ಪ್ಲಾಸ್ಟಿಕ್ ಕೊಟ್ಟೆಯೊಳಗಿರುತ್ತದೆ. ಮೀನು ಹೆಚ್ಚುವಾಗ, ಅಡಿಕೆ ಸುಲಿಯುವಾಗ, ಘಟ್ಟದಲ್ಲಿ ಬೈಕ್ ಓಡಿಸುವಾಗ ಕೈ ಖಾಲಿ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಮಣಿಕಟ್ಟು ತಿರುಗಿಸಿ ಎರಡು ಕ್ಷಣ ನೋಡಿದರೆ ಸಾಕು ಅನ್ನಿಸುವ ಆ್ಯಪ್ ಮಾತ್ರ ವಾಚಿನಲ್ಲಿರಲಿ. ಹತ್ತು ಕ್ಷಣಕ್ಕಿಂತ ಹೆಚ್ಚು ಹೊತ್ತು ನೋಡಬೇಕಾದದ್ದೆಲ್ಲ ಫೋನಿನ ಕೆಲಸ. ಕೆಳಗಿನ ಉತ್ತರಗಳೆಲ್ಲ ಈ ಅಳತೆಗೋಲಿನ ಮೇಲೆ ನಿಂತಿವೆ.

ನನ್ನ ವಾಚಿಗೆ ಬೇಕಾದ ಆ್ಯಪ್ ಹಾಕಲು ಬರುತ್ತದೆಯೇ?

ಮೊದಲು ಇದನ್ನೇ ತಿಳಿದುಕೊಳ್ಳಿ, ಅರ್ಧ ಗೊಂದಲ ಇಲ್ಲೇ ಮುಗಿಯುತ್ತದೆ. ವಾಚಿನಲ್ಲೇ ಪ್ಲೇ ಸ್ಟೋರ್ ಇದ್ದರೆ ಅದು ಗೂಗಲ್‌ನ ವೇರ್ ಓಎಸ್ ವಾಚು. ಸ್ಯಾಮ್‌ಸಂಗ್ ಗ್ಯಾಲಕ್ಸಿ ವಾಚ್ 4 ಮತ್ತು ನಂತರದವು, ಪಿಕ್ಸೆಲ್ ವಾಚ್, ಒನ್‌ಪ್ಲಸ್‌ನ ಕೆಲವು ಮಾದರಿಗಳು ಈ ಗುಂಪಿನವು. ಆಪಲ್ ವಾಚಿಗೆ ತನ್ನದೇ ಆ್ಯಪ್ ಸ್ಟೋರ್ ಇದೆ. ಗಾರ್ಮಿನ್‌ಗೆ ಕನೆಕ್ಟ್ ಐಕ್ಯೂ ಎಂಬ ಅಂಗಡಿ. ಅಮೇಜ್‌ಫಿಟ್‌ನ ಅನೇಕ ಮಾದರಿಗಳಿಗೆ ಫೋನಿನ ಜೆಪ್ ಆ್ಯಪ್ ಮೂಲಕ ಪುಟ್ಟ ಆ್ಯಪ್‌ಗಳನ್ನು ಹಾಕಬಹುದು.

ಎರಡು-ಮೂರು ಸಾವಿರ ರೂಪಾಯಿಯೊಳಗಿನ ಬಹುಪಾಲು ವಾಚುಗಳಿಗೆ ಹೊರಗಿನ ಆ್ಯಪ್ ಹಾಕಲು ಬರುವುದಿಲ್ಲ. ಡಬ್ಬಿಯ ಮೇಲೆ ಎಷ್ಟೇ ಚಿತ್ರಗಳಿರಲಿ, ಕಾರ್ಖಾನೆಯಲ್ಲಿ ತುಂಬಿಸಿ ಕೊಟ್ಟಷ್ಟೇ. ಹಾಗೆಂದು ಅದು ನಿಷ್ಪ್ರಯೋಜಕವಲ್ಲ. ಫೋನಿಗೆ ಬಂದ ಸೂಚನೆಗಳನ್ನು ಅದು ಮಣಿಕಟ್ಟಿಗೆ ದಾಟಿಸುತ್ತದೆ. ಆದ್ದರಿಂದ ಫೋನಿನಲ್ಲಿ ಸರಿಯಾದ ಆ್ಯಪ್ ಹಾಕಿದರೆ ವಾಚಿಗೂ ಅದರ ಲಾಭ ಸಿಗುತ್ತದೆ. ಈ ಪುಟದ ಬಹಳಷ್ಟು ಸಲಹೆಗಳು ಅಂಥ ವಾಚಿಗೂ ಅನ್ವಯಿಸುತ್ತವೆ.

ಐಫೋನ್ ಇದೆ, ಸ್ಯಾಮ್‌ಸಂಗ್ ವಾಚು ತೆಗೆದುಕೊಳ್ಳಬಹುದೇ?

ಬೇಡ. ಗ್ಯಾಲಕ್ಸಿ ವಾಚ್ 4ರಿಂದ ಮುಂದಿನವು ಐಫೋನಿಗೆ ಜೋಡಣೆಯಾಗುವುದಿಲ್ಲ. ಪಿಕ್ಸೆಲ್ ವಾಚೂ ಅಷ್ಟೇ. ಆಪಲ್ ವಾಚಿಗೆ ಐಫೋನೇ ಬೇಕು. ಅಗ್ಗದ ವಾಚುಗಳು ಎರಡಕ್ಕೂ ಸೇರುತ್ತವೆ, ಆದರೆ ಐಫೋನಿನ ಜೊತೆಗಿದ್ದಾಗ ಸಂದೇಶಕ್ಕೆ ವಾಚಿನಿಂದ ಉತ್ತರಿಸುವ ಸೌಲಭ್ಯ ಸಾಮಾನ್ಯವಾಗಿ ಇರುವುದಿಲ್ಲ.

ಮೊದಲ ದಿನ ಯಾವ ಕ್ರಮದಲ್ಲಿ ಹೊಂದಿಸಬೇಕು?

ಫೋನಿನ ಬ್ಲೂಟೂತ್ ಪಟ್ಟಿಗೆ ಹೋಗಿ ನೇರ ಜೋಡಿಸುವುದು ಸಾಮಾನ್ಯ ತಪ್ಪು. ಕಂಪನಿಯ ಆ್ಯಪ್ ಹಾಕಿ, ಅದರೊಳಗಿನಿಂದಲೇ ಜೋಡಿಸಿ. ಆಮೇಲೆ ವಾಚನ್ನು ಚಾರ್ಜಿಗೆ ಇಟ್ಟು, ಮನೆಯ ವೈಫೈಗೆ ಸೇರಿಸಿ, ಬಾಕಿ ಇರುವ ಸಾಫ್ಟ್‌ವೇರ್ ಅಪ್‌ಡೇಟ್ ಮುಗಿಸಿ. ಬ್ಲೂಟೂತ್ ಮೂಲಕ ಅಪ್‌ಡೇಟ್ ಇಳಿಯಲು ಬಹಳ ಹೊತ್ತು ಹಿಡಿಯುತ್ತದೆ. ಮಧ್ಯೆ ಕರೆಂಟ್ ಹೋಗಿ ವೈಫೈ ನಿಂತರೆ ಮತ್ತೆ ಮೊದಲಿನಿಂದ ಇಳಿಸಬೇಕಾಗಬಹುದು. ಹಾಗಾಗಿ ಗಾಳಿಮಳೆಯ ದಿನ ಈ ಕೆಲಸಕ್ಕೆ ಕೈಹಾಕಬೇಡಿ.

ವೇರ್ ಓಎಸ್‌ನಲ್ಲಿ ಆ್ಯಪ್ ಹಾಕಲು ಫೋನಿನ ಪ್ಲೇ ಸ್ಟೋರೇ ಸುಲಭದ ದಾರಿ. ಎರಡೂ ಕಡೆ ಒಂದೇ ಗೂಗಲ್ ಖಾತೆ ಇರಬೇಕು. ಆ್ಯಪ್‌ನ ಪುಟದಲ್ಲಿ ಬೇರೆ ಸಾಧನಗಳಿಗೂ ಲಭ್ಯ ಎಂಬಲ್ಲಿ ನಿಮ್ಮ ವಾಚಿನ ಹೆಸರು ಕಂಡರೆ ಒತ್ತಿ. ಹೆಸರು ಕಾಣದಿದ್ದರೆ ಆ ಆ್ಯಪ್‌ಗೆ ವಾಚಿನ ರೂಪವೇ ಇಲ್ಲ ಎಂದರ್ಥ.

ಆಪಲ್ ವಾಚಿನವರು ಐಫೋನಿನ ವಾಚ್ ಆ್ಯಪ್‌ನಲ್ಲಿ ಜನರಲ್ ವಿಭಾಗಕ್ಕೆ ಹೋಗಿ, ಆ್ಯಪ್‌ಗಳು ತಾವಾಗಿಯೇ ಇಳಿಯುವ ಆಯ್ಕೆಯನ್ನು ಆಫ್ ಮಾಡಿಬಿಡಿ. ಇಲ್ಲವಾದರೆ ಫೋನಿನಲ್ಲಿರುವ ಆ್ಯಪ್‌ಗಳ ವಾಚ್ ರೂಪಗಳೆಲ್ಲ ಕೇಳದೆ ಬಂದು ಕೂರುತ್ತವೆ.

ಕರೆ ಮಾಡುವ ಸೌಲಭ್ಯ ಹಾಕಿದ ಮೇಲೆ ಫೋನಿನ ಹಾಡು, ವಿಡಿಯೊ ಸದ್ದೆಲ್ಲ ವಾಚಿನಲ್ಲಿ ಬರುತ್ತಿದೆ. ಯಾಕೆ?

ಬ್ಲೂಟೂತ್ ಕರೆಯಿರುವ ಅಗ್ಗದ ವಾಚು ಎರಡು ಸಂಪರ್ಕ ಬಳಸುತ್ತದೆ. ಆ್ಯಪ್‌ಗೆ ಒಂದು, ಧ್ವನಿಗೆ ಇನ್ನೊಂದು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ತೆರೆದು, ವಾಚಿನ ಹೆಸರಿನ ಪಕ್ಕದ ಗುರುತು ಒತ್ತಿ, ಮೀಡಿಯಾ ಆಡಿಯೊ ಮಾತ್ರ ಆಫ್ ಮಾಡಿ. ಕಾಲ್ ಹಾಗೇ ಇರಲಿ.

ಎಲ್ಲಕ್ಕಿಂತ ಮೊದಲು ಯಾವುದನ್ನು ಹಾಕಬೇಕು?

ಬಹುಪಾಲು ಈಗಾಗಲೇ ಒಳಗಿದೆ. ಫೋನ್ ಹುಡುಕುವ ಗುಂಡಿ, ಟೈಮರ್, ಅಲಾರಂ, ಹವಾಮಾನ, ಟಾರ್ಚ್. ದಿನಕ್ಕೆ ಹತ್ತು ಸಲ ಬಳಸುವುದು ಇವನ್ನೇ. ಇವು ಮೊದಲ ಅಥವಾ ಎರಡನೇ ಸರಿಸುವಿಕೆಗೇ ಸಿಗುವಂತೆ ಟೈಲ್‌ಗಳನ್ನು, ಅಂದರೆ ಪರದೆ ಸರಿಸಿದರೆ ಬರುವ ಪುಟಗಳನ್ನು, ಜೋಡಿಸಿಕೊಳ್ಳುವುದು, ಹೊಸ ಆ್ಯಪ್ ಹಾಕುವುದಕ್ಕಿಂತ ದೊಡ್ಡ ಕೆಲಸ.

ಹೊರಗಿನಿಂದ ತರುವುದಾದರೆ ನಮ್ಮ ಮೊದಲ ಆಯ್ಕೆ ಗೂಗಲ್ ಕೀಪ್. ವೇರ್ ಓಎಸ್, ಆಪಲ್ ವಾಚ್ ಎರಡರಲ್ಲೂ ಇದೆ. ಶಿರಸಿ ಪೇಟೆಗೆ ಹೊರಡುವ ಮುಂಚೆ ಮನೆಯಲ್ಲಿ ಫೋನಿನಲ್ಲಿ ಕನ್ನಡದಲ್ಲೇ ಪಟ್ಟಿ ಬರೆದಿಡಿ. ಅಂಗಡಿಯಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚೀಲ ಇದ್ದರೂ ವಾಚಿನಲ್ಲಿ ನೋಡಿ ಒಂದೊಂದಕ್ಕೆ ಗುರುತು ಹಾಕುತ್ತ ಹೋಗಬಹುದು. ಮನೆಯವರ ಜೊತೆ ಪಟ್ಟಿ ಹಂಚಿಕೊಂಡಿದ್ದರೆ, ನೀವು ಬಸ್ಸಿನಲ್ಲಿರುವಾಗ ಅವರು ಸೇರಿಸಿದ ಸಾಮಾನೂ ಅಲ್ಲಿ ಕಾಣುತ್ತದೆ.

ಮಳೆ, ಸಿಡಿಲಿನ ಸೂಚನೆಗೆ ಯಾವುದು ಒಳ್ಳೆಯದು?

ವಾಚಿನ ಹವಾಮಾನ ಆ್ಯಪ್ ಅನ್ನು ಈಗ ಇರುವ ಜಾಗ ಎಂದು ಬಿಡಬೇಡಿ, ಊರುಗಳನ್ನು ಹೆಸರು ಹಾಕಿ ಸೇರಿಸಿ. ಕಾರವಾರ ಸಮುದ್ರ ಮಟ್ಟದಲ್ಲಿದೆ, ಶಿರಸಿ ಸುಮಾರು 590 ಮೀಟರ್ ಎತ್ತರದಲ್ಲಿದೆ, ನಡುವೆ ಘಟ್ಟ. ಕುಮಟಾದಲ್ಲಿ ಬಿಸಿಲಿದ್ದಾಗಲೇ ದೇವಿಮನೆ ಘಟ್ಟದಲ್ಲಿ ಧಾರಾಕಾರ ಸುರಿಯುತ್ತಿರಬಹುದು. ಕುಮಟಾ, ಶಿರಸಿ ಎರಡನ್ನೂ ಸೇರಿಸಿಕೊಂಡು ಗಂಟೆವಾರು ಮುನ್ಸೂಚನೆ ನೋಡಿದರೆ ಹೊರಡುವ ಹೊತ್ತು ನಿರ್ಧರಿಸಲು ಸುಲಭ.

ಹವಾಮಾನ ಇಲಾಖೆಯ ಎಚ್ಚರಿಕೆಗೆ ಫೋನಿನಲ್ಲಿ ಮೌಸಮ್ ಆ್ಯಪ್ ಹಾಕಿ. ಸಿಡಿಲಿಗೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ದಾಮಿನಿ ಇದೆ. ನೀವಿರುವ ಜಾಗದ ಸುತ್ತ 20 ಮತ್ತು 40 ಕಿ.ಮೀ. ವೃತ್ತದಲ್ಲಿ ಸಿಡಿಲು ಬಿದ್ದರೆ ಅದು ತೋರಿಸುತ್ತದೆ. ಇವಕ್ಕೆ ವಾಚಿನ ರೂಪ ಬೇಕಾಗಿಲ್ಲ. ಫೋನಿನಲ್ಲಿ ಸೂಚನೆಗೂ ಲೊಕೇಶನ್‌ಗೂ ಅನುಮತಿ ಕೊಟ್ಟು, ವಾಚಿನ ಆ್ಯಪ್‌ನ ಸೂಚನೆ ಪಟ್ಟಿಯಲ್ಲಿ ಇವನ್ನು ಆನ್ ಮಾಡಿದರೆ ಮಣಿಕಟ್ಟು ನಡುಗಿ ತಿಳಿಸುತ್ತದೆ. ತೋಟದಲ್ಲಿ ಫೋನಿನ ರಿಂಗ್ ಕೇಳಿಸದಿದ್ದರೂ ಈ ನಡುಕ ತಿಳಿಯುತ್ತದೆ.

ಎಚ್ಚರಿಕೆಯ ಬಣ್ಣ ನೋಡಿದಾಗ ಪ್ರಮಾಣ ನೆನಪಿರಲಿ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಇಲಾಖೆಯ ಲೆಕ್ಕದಲ್ಲಿ ಭಾರಿ ಮಳೆ, 115.6ರಿಂದ ಅತಿ ಭಾರಿ, 204.5ರಿಂದ ಮೇಲೆ ಅತ್ಯಂತ ಭಾರಿ.

ನೆಟ್‌ವರ್ಕ್ ಇಲ್ಲದ ಕಡೆ ಯಾವ ಆ್ಯಪ್ ಕೂಡ ಎಚ್ಚರಿಸದು. ಅಲ್ಲಿ ವಾಚಿನ ಸ್ಟಾಪ್‌ವಾಚ್ ಬಳಸಿ. ಮಿಂಚು ಕಂಡ ಕೂಡಲೇ ಒತ್ತಿ, ಗುಡುಗು ಕೇಳಿದಾಗ ನಿಲ್ಲಿಸಿ. ಸುಮಾರು 3 ಸೆಕೆಂಡಿಗೆ ಒಂದು ಕಿಲೋಮೀಟರ್. 30 ಸೆಕೆಂಡಿಗಿಂತ ಕಡಿಮೆ ಬಂದರೆ ಸಿಡಿಲು 10 ಕಿ.ಮೀ. ಒಳಗಿದೆ, ಮರ ಬಿಟ್ಟು ಗಟ್ಟಿ ಕಟ್ಟಡದೊಳಗೆ ಸೇರಿ. ಕೊನೆಯ ಗುಡುಗಿನ ನಂತರ 30 ನಿಮಿಷದ ಟೈಮರ್ ಇಟ್ಟು, ಅದು ಮುಗಿದ ಮೇಲೆಯೇ ಹೊರಗೆ ಬನ್ನಿ. ಏಪ್ರಿಲ್-ಮೇ ತಿಂಗಳ ಸಂಜೆಗಳಲ್ಲಿ ಘಟ್ಟದ ಮೇಲಿನವರಿಗೆ ಇದಕ್ಕಿಂತ ಉಪಯೋಗದ ವಿಷಯ ವಾಚಿನಲ್ಲಿ ಮತ್ತೊಂದಿಲ್ಲ.

ಉಬ್ಬರ-ಇಳಿತ ತೋರಿಸುವ ಆ್ಯಪ್ ಎಷ್ಟು ನಂಬಬಹುದು?

ಕಡಲಂಚಿಗೆ ಚೆನ್ನಾಗಿ ನಂಬಬಹುದು, ಅಳಿವೆಯೊಳಗೆ ಎಚ್ಚರದಿಂದ. ಆಪಲ್ ವಾಚಿನಲ್ಲಿ 2024ರ ವಾಚ್‌ಓಎಸ್ 11ರಿಂದ ಟೈಡ್ಸ್ ಎಂಬ ಆ್ಯಪ್ ಒಳಗೇ ಬರುತ್ತದೆ. ಗಾರ್ಮಿನ್‌ನ ಕೆಲವು ಮಾದರಿಗಳಲ್ಲೂ ಇದೆ. ವೇರ್ ಓಎಸ್‌ನವರು ಪ್ಲೇ ಸ್ಟೋರ್‌ನಲ್ಲಿ ಟೈಡ್ ಎಂದು ಹುಡುಕಿ. ಆಯ್ಕೆ ಮಾಡುವಾಗ ಮೂರು ವಿಷಯ ನೋಡಿ: ಸ್ಥಳದ ಪಟ್ಟಿಯಲ್ಲಿ ಕಾರವಾರ ಬಂದರು ಇರಬೇಕು, ನೆಟ್‌ವರ್ಕ್ ಇಲ್ಲದಿದ್ದರೂ ಕನಿಷ್ಠ ಒಂದು ವಾರದ ವೇಳೆ ಕಾಣಬೇಕು, ಭಾರತದ ಸಮಯದಲ್ಲೇ ತೋರಿಸಬೇಕು. ಕೊನೆಯದನ್ನು ಮರೆತರೆ ಐದೂವರೆ ಗಂಟೆ ತಪ್ಪು ಬೀಳುತ್ತದೆ.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತಿ, ಎರಡು ಇಳಿತ. ಎರಡರ ಎತ್ತರ ಒಂದೇ ಇರುವುದಿಲ್ಲ. ಪ್ರತಿದಿನ ವೇಳೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಹೊತ್ತಿಗೆ ಕಡಿಮೆ. ಹಿರಿಯರಿಗೆ ಇದು ಪಂಚಾಂಗದಿಂದಲೇ ಗೊತ್ತು. ಆ್ಯಪ್‌ನಿಂದ ಸಿಗುವ ಹೆಚ್ಚಿನ ಲಾಭ ನಿಮಿಷದ ಲೆಕ್ಕ ಮತ್ತು ಮುಂಚಿತ ಅಲಾರಂ.

ಆ್ಯಪ್ ತೋರಿಸುವುದು ಬಂದರಿನ ವೇಳೆ. ಅಘನಾಶಿನಿಯಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕಲು ಹೋಗುವವರಿಗೆ, ತದಡಿ ಬಾಯಿಯಿಂದ ಒಳಗೆ ಹೋದಷ್ಟೂ ನೀರು ತಡವಾಗಿ ಏರುತ್ತದೆ, ತಡವಾಗಿ ಇಳಿಯುತ್ತದೆ. ನಿಮ್ಮ ಜಾಗದಲ್ಲಿ ನೀರು ನಿಜವಾಗಿ ತಗ್ಗಿದ ಹೊತ್ತನ್ನೂ ಆ್ಯಪ್ ಹೇಳಿದ ಹೊತ್ತನ್ನೂ ಒಂದು ವಾರ ಕೀಪ್‌ನಲ್ಲಿ ಬರೆದಿಟ್ಟರೆ ವ್ಯತ್ಯಾಸ ಸಿಕ್ಕಿಬಿಡುತ್ತದೆ. ಆಮೇಲೆ ಅಷ್ಟನ್ನು ಕೂಡಿಸಿಕೊಂಡರಾಯಿತು. ನೀರು ಮರಳುವುದಕ್ಕೆ ಅರ್ಧ ಗಂಟೆ ಮೊದಲು ವಾಚು ನಡುಗುವಂತೆ ಅಲಾರಂ ಇಡಿ. ಹೆಕ್ಕುವ ಭರದಲ್ಲಿ ಹೊತ್ತು ಹೋದದ್ದು ತಿಳಿಯುವುದಿಲ್ಲ. ಮಳೆಗಾಲದಲ್ಲಿ ನದಿಗೆ ನೆರೆ ಬಂದಾಗ ಈ ಲೆಕ್ಕವನ್ನೆಲ್ಲ ಬದಿಗಿಡಿ, ಏಕೆಂದರೆ ಆ್ಯಪ್‌ಗೆ ಚಂದ್ರ-ಸೂರ್ಯರ ಸೆಳೆತ ಗೊತ್ತು, ಘಟ್ಟದಲ್ಲಿ ಬಿದ್ದ ಮಳೆ ಗೊತ್ತಿಲ್ಲ.

ಅಲೆಯ ಎತ್ತರ, ಗಾಳಿಯ ಎಚ್ಚರಿಕೆಗೆ ಟೈಡ್ ಆ್ಯಪ್ ಸಾಲದು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಕಡಲ ಮುನ್ಸೂಚನೆಯನ್ನು ಫೋನಿನಲ್ಲಿ ನೋಡಿಕೊಂಡೇ ದೋಣಿ ಇಳಿಸಿ.

ಕನ್ನಡ ಸಂದೇಶ ಬಂದರೆ ಬರೀ ಚೌಕಗಳು ಕಾಣುತ್ತವೆ. ಸರಿಪಡಿಸಬಹುದೇ?

ಚೌಕ ಕಂಡರೆ ವಾಚಿನೊಳಗೆ ಕನ್ನಡದ ಅಕ್ಷರವಿನ್ಯಾಸವೇ ಇಲ್ಲ. ಕಂಪನಿಯ ಆ್ಯಪ್‌ನಲ್ಲಿ ಫರ್ಮ್‌ವೇರ್ ಅಪ್‌ಡೇಟ್ ಇದೆಯೇ ನೋಡಿ, ಭಾಷೆಯ ಪಟ್ಟಿಯಲ್ಲಿ ಕನ್ನಡ ಇದ್ದರೆ ಇಳಿಸಿ. ಎರಡೂ ಇಲ್ಲದಿದ್ದರೆ ಬೇರೆ ಆ್ಯಪ್ ಹಾಕಿ ಸರಿಪಡಿಸಲು ಬರುವುದಿಲ್ಲ.

ಇನ್ನೊಂದು ಬಗೆಯ ತೊಂದರೆ ಇದಕ್ಕಿಂತ ಕಿರಿಕಿರಿ. ಅಕ್ಷರ ಕಾಣುತ್ತದೆ, ಒತ್ತು ಮಾತ್ರ ಬಿಡಿಬಿಡಿಯಾಗಿ ಪಕ್ಕಕ್ಕೆ ಬೀಳುತ್ತದೆ. ಫಾಂಟ್ ಇದ್ದರೂ ಅಕ್ಷರ ಕೂಡಿಸುವ ತಂತ್ರಾಂಶ ಇಲ್ಲದಿದ್ದಾಗ ಹೀಗಾಗುತ್ತದೆ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಪರೀಕ್ಷಿಸಿ. ವಾಚನ್ನು ಫೋನಿಗೆ ಜೋಡಿಸಿ, ಜೊತೆಗಿದ್ದವರಿಂದ ‘ರಾಷ್ಟ್ರ, ಶಾಸ್ತ್ರ, ಯಕ್ಷಗಾನ, ಸೂರ್ಯ, ಅರ್ಧ’ ಎಂಬ ಐದು ಪದ ಕಳಿಸಿಕೊಳ್ಳಿ. ಮೂರಕ್ಷರದ ಒತ್ತು, ಅರ್ಕಾವೊತ್ತು ಎಲ್ಲ ಇದರಲ್ಲಿ ಬಂದವು. ಐದೂ ಸರಿ ಕಂಡರೆ ಉಳಿದದ್ದೂ ಕಾಣುತ್ತದೆ. ವೇರ್ ಓಎಸ್, ಆಪಲ್ ವಾಚುಗಳಲ್ಲಿ ಈ ಸಮಸ್ಯೆ ಇಲ್ಲ.

ನಮ್ಮ ಭಾಷೆಯ ಸಂದೇಶ ಓದಲಾಗದ ವಾಚಿಗೆ ಹಣ ಕೊಡಬೇಡಿ. ಅದಕ್ಕಿಂತ ನೂರೋ ಇನ್ನೂರೋ ಹೆಚ್ಚು ಕೊಟ್ಟು ಸರಿಯಾದದ್ದನ್ನೇ ತನ್ನಿ.

ವಾಟ್ಸಾಪ್ ವಾಚಿಗೇ ಬೇಕೇ?

ವೇರ್ ಓಎಸ್‌ಗೆ 2023ರಿಂದ, ಆಪಲ್ ವಾಚಿಗೆ 2025ರಿಂದ ಪ್ರತ್ಯೇಕ ಆ್ಯಪ್ ಇದೆ. ಧ್ವನಿ ಸಂದೇಶ ಕಳಿಸಬೇಕಾದವರಿಗೆ ಒಳ್ಳೆಯದು, ಪುಟ್ಟ ಕೀಲಿಮಣೆಯಲ್ಲಿ ಕನ್ನಡ ಟೈಪಿಸುವ ಕಷ್ಟ ತಪ್ಪುತ್ತದೆ. ಓದುವುದಷ್ಟೇ ಸಾಕೆನ್ನುವವರಿಗೆ ಫೋನಿನ ಸೂಚನೆಯೇ ಸಾಕು.

ಯಾವುದೇ ಆಗಲಿ, ಗುಂಪುಗಳನ್ನು ಮೌನಗೊಳಿಸದೆ ವಾಚು ಕಟ್ಟಬೇಡಿ. ಶುಭೋದಯದ ಚಿತ್ರಗಳಿಗೆಲ್ಲ ಕೈ ನಡುಗತೊಡಗಿದರೆ ಸಿಡಿಲಿನ ಎಚ್ಚರಿಕೆ ಬಂದಾಗಲೂ ನೋಡದಿರುವ ಅಭ್ಯಾಸವಾಗುತ್ತದೆ. ಅಡಿಕೆ ಧಾರಣೆಯ ಗುಂಪು ಒಂದು, ಮನೆಯವರದ್ದು ಒಂದು ಉಳಿಸಿಕೊಳ್ಳಿ. ಒಟ್ಟಾರೆ ಆರೇಳು ಆ್ಯಪ್‌ಗಳಿಗೆ ಮಾತ್ರ ಸೂಚನೆಯ ಅನುಮತಿ ಇರಲಿ. ಒಟಿಪಿ ಮಣಿಕಟ್ಟಿನ ಮೇಲೆ ಎಲ್ಲರಿಗೂ ಕಾಣದಂತೆ, ಮುಟ್ಟಿದ ಮೇಲೆಯೇ ವಿವರ ತೋರಿಸುವ ಆಯ್ಕೆ ಇದ್ದರೆ ಬಳಸಿ.

ಘಟ್ಟದಲ್ಲಿ ನೆಟ್‌ವರ್ಕ್ ಇರುವುದಿಲ್ಲ. ನಕ್ಷೆ ಕೆಲಸ ಮಾಡುತ್ತದೆಯೇ?

ಜಿಪಿಎಸ್‌ಗೆ ಮೊಬೈಲ್ ಟವರ್ ಬೇಕಿಲ್ಲ, ನಕ್ಷೆಯ ಚಿತ್ರ ಇಳಿಯಲು ಬೇಕು. ಅಣಶಿ ಘಟ್ಟ ಹತ್ತುವ ಮುಂಚೆ, ಯಾಣ ಅಥವಾ ಉಂಚಳ್ಳಿಗೆ ಹೊರಡುವ ಮುಂಚೆ ಮನೆಯಲ್ಲೇ ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳಿ. ವೇರ್ ಓಎಸ್‌ನ ಗೂಗಲ್ ಮ್ಯಾಪ್ಸ್‌ನಲ್ಲಿ 2024ರಿಂದ ಈ ಸೌಲಭ್ಯ ಇದೆ. ಆಪಲ್‌ನಲ್ಲಿ ಐಫೋನಿಗೆ ಇಳಿಸಿದ ನಕ್ಷೆ, ಫೋನು ಹತ್ತಿರ ಇದ್ದರೆ ವಾಚಿನಲ್ಲೂ ತೆರೆದುಕೊಳ್ಳುತ್ತದೆ. ಬೈಕಿನವರಿಗೆ ತಿರುವಿಗೆ ಮುಂಚೆ ಮಣಿಕಟ್ಟು ನಡುಗುವುದೇ ದೊಡ್ಡ ಉಪಕಾರ, ಫೋನನ್ನು ಮಳೆಯಲ್ಲಿ ಹ್ಯಾಂಡಲ್‌ಗೆ ಸಿಕ್ಕಿಸಬೇಕಿಲ್ಲ.

ಅಗ್ಗದ ವಾಚಿನ ಡಬ್ಬಿಯ ಮೇಲೆ ಕನೆಕ್ಟೆಡ್ ಜಿಪಿಎಸ್ ಎಂದಿದ್ದರೆ ವಾಚಿನೊಳಗೆ ಜಿಪಿಎಸ್ ಇಲ್ಲ, ಫೋನಿನದ್ದನ್ನು ಎರವಲು ಪಡೆಯುತ್ತದೆ. ಕಾಡಿನ ದಾರಿಯಲ್ಲಿ ಬಂದ ಹಾದಿಯನ್ನೇ ಹಿಡಿದು ಮರಳಲು ಒಳಗೇ ಜಿಪಿಎಸ್ ಇರುವ ವಾಚು ಬೇಕು. ದಟ್ಟ ಮರದ ನೆರಳಲ್ಲಿ, ಯಾಣದ 120 ಮೀಟರ್ ಎತ್ತರದ ಭೈರವೇಶ್ವರ ಶಿಖರದಂಥ ಬಂಡೆಯ ಬುಡದಲ್ಲಿ ಉಪಗ್ರಹದ ಸಂಕೇತ ಪ್ರತಿಫಲಿಸಿ ಹಾದಿಯ ಗೆರೆ ಅಂಕುಡೊಂಕಾಗಿ ಬೀಳುತ್ತದೆ. ಹೊರಡುವ ಮೊದಲು ಬಯಲಲ್ಲಿ ಎರಡು ನಿಮಿಷ ನಿಂತು, ಸಂಕೇತ ಸಿಕ್ಕ ಮೇಲೆ ನಡಿಗೆ ಆರಂಭಿಸಿದರೆ ತಪ್ಪು ಕಡಿಮೆ.

ರೈಲಿನಲ್ಲಿ ನಿದ್ದೆ ಬಂದರೆ ಸ್ಟೇಷನ್ ತಪ್ಪದಂತೆ?

ಫೋನಿನಲ್ಲಿ ವೇರ್ ಈಸ್ ಮೈ ಟ್ರೇನ್ ಹಾಕಿ ಅಲಾರಂ ಇಡಿ, ವಾಚಿಗೆ ಸೂಚನೆ ಬರುತ್ತದೆಯೇ ಎಂದು ಒಮ್ಮೆ ಹಗಲಲ್ಲಿ ಪರೀಕ್ಷಿಸಿ. ಕೊಂಕಣ ರೈಲು ಮಾರ್ಗದಲ್ಲಿ ಸುರಂಗಗಳು ಬಹಳ, ಅಲ್ಲಿ ಸ್ಥಳ ತಿಳಿಯುವುದು ನಿಂತುಹೋಗುತ್ತದೆ. ಕುಮಟಾದಲ್ಲಿ ಇಳಿಯುವವರು ಒಂದು ಸ್ಟೇಷನ್ ಹಿಂದಿನದಕ್ಕೇ ಅಲಾರಂ ಇಟ್ಟುಕೊಳ್ಳಿ. ಮಳೆಗಾಲಕ್ಕೆ ಈ ಮಾರ್ಗದ ವೇಳಾಪಟ್ಟಿಯೇ ಬೇರೆ, ಹಳೆಯ ಸಮಯ ನೆನಪಿಟ್ಟು ವಾಚಿನ ಅಲಾರಂ ಇಡಬೇಡಿ.

ತೋಟ, ಅಡುಗೆಮನೆಯ ಕೆಲಸಕ್ಕೆ?

ಟೈಮರ್, ಕ್ಯಾಲೆಂಡರ್ ಎರಡೇ ಸಾಕು, ಹೊಸ ಆ್ಯಪ್ ಬೇಡ. ಪಂಪ್‌ಸೆಟ್ ಹಾಕಿದ ಕೂಡಲೇ ಒಂದು ಟೈಮರ್, ಒಲೆಯ ಮೇಲೆ ಅಡಿಕೆ ಬೇಯಲು ಇಟ್ಟಾಗ ಇನ್ನೊಂದು. ಆಪಲ್ ವಾಚಿನಲ್ಲಿ 2021ರಿಂದ ಒಟ್ಟಿಗೇ ಹಲವು ಟೈಮರ್ ಓಡಿಸಬಹುದು, ಒಂದೊಂದಕ್ಕೆ ಹೆಸರೂ ಇಡಬಹುದು. ಒಂದೇ ಟೈಮರ್ ಇರುವ ವಾಚಿನವರು ಎರಡನೆಯದಕ್ಕೆ ಅಲಾರಂ ಬಳಸಿ.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವವರಿಗೆ ಕ್ಯಾಲೆಂಡರ್ ನಿಜವಾಗಿ ನೆರವಾಗುತ್ತದೆ. ಮುಂಗಾರು ಹಿಡಿಯುವ ಮೊದಲು ಒಂದು ಸಲ, ಆಮೇಲೆ 40ರಿಂದ 45 ದಿನಕ್ಕೆ ಮತ್ತೊಂದು. ಮೊದಲ ಸಿಂಪಡಣೆ ಮುಗಿದ ಸಂಜೆಯೇ 35ನೇ ದಿನಕ್ಕೆ ಒಂದು ನೆನಪೋಲೆ, 40ನೇ ದಿನಕ್ಕೆ ಇನ್ನೊಂದು ಹಾಕಿ. ಮೊದಲಿನದು ಮೈಲುತುತ್ತು, ಸುಣ್ಣ ತರಲು ಮತ್ತು ಔಷಧಿ ಹೊಡೆಯುವವರಿಗೆ ಹೇಳಿಡಲು. ಟಿಪ್ಪಣಿಯಲ್ಲಿ ಪ್ರಮಾಣವನ್ನೂ ಬರೆದಿಡಿ: ಶೇಕಡಾ 1ರ ದ್ರಾವಣಕ್ಕೆ ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ದ್ರಾವಣ ಕಲಸುವಾಗ ವಾಚು ಬಿಚ್ಚಿಡಿ. ಮೈಲುತುತ್ತಿನ ನೀರು ಲೋಹದ ಕೊಂಡಿಯನ್ನೂ ಚಾರ್ಜಿಂಗ್ ಪಿನ್ನನ್ನೂ ತಿನ್ನುತ್ತದೆ.

ವಾಚಿನಿಂದ ಯುಪಿಐ ಪಾವತಿ ಮಾಡಬಹುದೇ?

ಅಂಗಡಿಯ ಕ್ಯುಆರ್ ಸ್ಕ್ಯಾನ್ ಮಾಡಲು ಕ್ಯಾಮೆರಾ ಬೇಕು, ಬಹುಪಾಲು ವಾಚುಗಳಲ್ಲಿ ಅದಿಲ್ಲ. ಹಣ ಪಡೆಯುವವರಿಗೆ ಮಾತ್ರ ಅನುಕೂಲ ಉಂಟು: ನಿಮ್ಮ ಕ್ಯುಆರ್ ಚಿತ್ರವನ್ನು ವಾಚಿನಲ್ಲಿ ಉಳಿಸಿಕೊಂಡು ತೋರಿಸಬಹುದು, ಹಣ ಬಂದ ಸೂಚನೆ ಮಣಿಕಟ್ಟಿಗೇ ಬರುತ್ತದೆ. ಪರದೆ ದುಂಡಗಿದ್ದರೆ ಚಿತ್ರದ ಮೂಲೆ ಕತ್ತರಿಸಿ ಹೋಗಿ ಸ್ಕ್ಯಾನ್ ಆಗುವುದಿಲ್ಲ, ಸುತ್ತ ಬಿಳಿ ಅಂಚು ಬಿಟ್ಟು ಚಿಕ್ಕದು ಮಾಡಿ ಹಾಕಿ. ವಾಚಿನಿಂದಲೇ ಯುಪಿಐ ಪಿನ್ ಕೇಳುವ ಅಪರಿಚಿತ ಆ್ಯಪ್ ಕಂಡರೆ ತೆಗೆದುಹಾಕಿ.

ಬಿಪಿ, ಶುಗರ್ ತೋರಿಸುವ ಆ್ಯಪ್‌ಗಳು ಸರಿಯೇ?

ಶುಗರ್ ತೋರಿಸುವುದನ್ನು ನಂಬಲೇಬೇಡಿ. ಚರ್ಮ ಚುಚ್ಚದೆ ರಕ್ತದ ಸಕ್ಕರೆ ಅಳೆಯುತ್ತೇವೆನ್ನುವ ವಾಚು, ಉಂಗುರಗಳನ್ನು ಬಳಸಬೇಡಿ ಎಂದು ಅಮೆರಿಕದ ಎಫ್‌ಡಿಎ 2024ರ ಫೆಬ್ರುವರಿಯಲ್ಲೇ ಎಚ್ಚರಿಸಿದೆ, ಅಂಥ ಒಂದಕ್ಕೂ ಅದು ಅನುಮತಿ ಕೊಟ್ಟಿರಲಿಲ್ಲ. ಆ ಅಂಕಿ ನೋಡಿ ಇನ್ಸುಲಿನ್ ಪ್ರಮಾಣ ಬದಲಿಸಿದರೆ ಜೀವಕ್ಕೇ ಅಪಾಯ.

ಬಿಪಿಯೂ ಹೆಚ್ಚುಕಡಿಮೆ ಊಹೆಯೇ. ಸ್ಯಾಮ್‌ಸಂಗ್ ಕೆಲವು ದೇಶಗಳಲ್ಲಿ ಕೊಡುವ ಸೌಲಭ್ಯಕ್ಕೂ ತೋಳಿಗೆ ಕಟ್ಟುವ ಯಂತ್ರದ ಜೊತೆ 28 ದಿನಕ್ಕೊಮ್ಮೆ ಹೊಂದಿಸಿಕೊಳ್ಳಲೇಬೇಕು. ಹೊಂದಿಸುವ ಕ್ರಮವೇ ಇಲ್ಲದೆ ಬಿಪಿ ತೋರಿಸುವ ವಾಚನ್ನು ಒಂದು ಬಾಳೆಕಾಯಿಗೆ ಕಟ್ಟಿ ನೋಡಿ. ಅದಕ್ಕೂ 120/80 ಎಂದರೆ ವಿಷಯ ಗೊತ್ತಾಯಿತಲ್ಲ.

ಹೃದಯ ಬಡಿತ, ನಡಿಗೆ, ನಿದ್ದೆ ಇವುಗಳ ವಾರದ ಏರಿಳಿತ ನೋಡಲು ಸಾಕಷ್ಟು ಉಪಯೋಗ ಇದೆ. ಹಸಿರು ಬೆಳಕು ಚರ್ಮದಡಿಯ ರಕ್ತದ ಹರಿವನ್ನು ಓದುತ್ತದೆ, ಆದ್ದರಿಂದ ಪಟ್ಟಿ ಸಡಿಲವಾದರೆ ಲೆಕ್ಕ ತಪ್ಪುತ್ತದೆ. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲೆ, ಜಾರದಷ್ಟು ಬಿಗಿಯಾಗಿ ಕಟ್ಟಿ. ಕೆಟ್ಟ ರಸ್ತೆಯ ಬೈಕ್ ಸವಾರಿಯೂ ಕೆಲವೊಮ್ಮೆ ನೂರಾರು ಹೆಜ್ಜೆಯಾಗಿ ಸೇರುತ್ತದೆ.

ಮನೆಯಲ್ಲಿ ಒಬ್ಬರೇ ಇರುವ ಅಪ್ಪ-ಅಮ್ಮನಿಗೆ ತುರ್ತು ಕರೆ ಹೇಗೆ ಹೊಂದಿಸಬೇಕು?

ಆಪಲ್‌ನಲ್ಲಿ ಪಕ್ಕದ ಗುಂಡಿಯನ್ನು ಒತ್ತಿ ಹಿಡಿಯಬೇಕು. ಸ್ಯಾಮ್‌ಸಂಗ್‌ನಲ್ಲಿ ಹೋಮ್ ಗುಂಡಿ, ಪಿಕ್ಸೆಲ್‌ನಲ್ಲಿ ಕಿರೀಟದಂಥ ಗುಂಡಿ ಐದು ಸಲ ಬೇಗ ಒತ್ತಬೇಕು. ಸೆಟ್ಟಿಂಗ್ಸ್‌ನಲ್ಲಿ ಮೊದಲೇ ಆನ್ ಮಾಡಿ ಸಂಪರ್ಕ ಸಂಖ್ಯೆ ಸೇರಿಸಿರಬೇಕು. 112ರ ಜೊತೆ, ಹತ್ತಿರದ ಮನೆಯವರ ಸಂಖ್ಯೆಯನ್ನೂ ಸೇರಿಸಿ. ಒಂಟಿ ಮನೆಗೆ ಮೊದಲು ತಲುಪುವವರು ಅವರೇ.

ಬಿದ್ದರೆ ತಾನೇ ತಿಳಿದುಕೊಳ್ಳುವ ಸೌಲಭ್ಯ ಆಪಲ್ ವಾಚಿಗೆ 2018ರ ಸೀರೀಸ್ 4ರಿಂದ ಬಂದಿದೆ. ಜೋರಾಗಿ ಬಿದ್ದು ಸುಮಾರು ಒಂದು ನಿಮಿಷ ಅಲುಗಾಡದಿದ್ದರೆ 30 ಸೆಕೆಂಡ್ ಎಣಿಸಿ ಕರೆ ಮಾಡುತ್ತದೆ. ಕಟ್ಟಿಗೆ ಒಡೆಯುವಾಗ ಸುಳ್ಳು ಎಚ್ಚರಿಕೆ ಬರಬಹುದು, ಆಗ ಪರದೆಯಲ್ಲಿ ಸರಿಯಾಗಿದ್ದೇನೆ ಎಂದು ಒತ್ತಿದರಾಯಿತು.

ಇದೆಲ್ಲ ಫೋನು ಬ್ಲೂಟೂತ್ ಅಳತೆಯೊಳಗಿದ್ದು, ಅದಕ್ಕೆ ಸಿಗ್ನಲ್ ಇದ್ದಾಗ. ಫೋನು ಜಗುಲಿಯಲ್ಲಿದ್ದು ಅಪ್ಪ ತೋಟದ ಕೆಳಗಿದ್ದರೆ ಕರೆ ಹೋಗುವುದಿಲ್ಲ. ಇಸಿಮ್, ಅಂದರೆ ಒಳಗೇ ಅಡಕವಾದ ಸಿಮ್, ಇರುವ ವಾಚು ಫೋನಿಲ್ಲದೆಯೂ ಕರೆ ಮಾಡುತ್ತದೆ, ಆದರೆ ಸಿಗ್ನಲ್ ಒಂದು ಕಡ್ಡಿ ಮಾತ್ರ ಇರುವ ಜೋಯಿಡಾ, ಸಿದ್ದಾಪುರದ ಒಳಹಳ್ಳಿಗಳಲ್ಲಿ ವಾಚಿನ ಪುಟ್ಟ ಆಂಟೆನಾಕ್ಕೆ ಅದೂ ಸಿಗದಿರಬಹುದು. ಹೆಚ್ಚಿನ ಹಣ ಕೊಡುವ ಮುನ್ನ ಅಂಗಳದಲ್ಲಿ, ತೋಟದಲ್ಲಿ ಅದೇ ಕಂಪನಿಯ ಸಿಮ್ ಎಷ್ಟು ಹಿಡಿಯುತ್ತದೆ ಎಂದು ನೋಡಿ.

ಕಡಲಿಗೆ ಹೋಗುವವರು ಕರಾವಳಿ ಕಾವಲು ಪೊಲೀಸರ 1093, ಕೋಸ್ಟ್ ಗಾರ್ಡ್‌ನ 1554 ಎರಡನ್ನೂ ಉಳಿಸಿಕೊಳ್ಳಿ. ದಡದಿಂದ ದೂರ ಹೋದ ಮೇಲೆ ವಾಚನ್ನು ನೆಚ್ಚಬೇಡಿ. ಅಲ್ಲಿ ಬೇಕಾದದ್ದು ವಿಎಚ್‌ಎಫ್ ರೇಡಿಯೊ ಸೆಟ್ ಮತ್ತು ಇಸ್ರೊ ರೂಪಿಸಿದ ಡ್ಯಾಟ್ ಎಂಬ ಅಪಾಯ ಸೂಚಕ.

ಓಟ, ನಡಿಗೆ ದಾಖಲಿಸಲು ಸ್ಟ್ರಾವಾ ಹಾಕಬಹುದೇ?

ಹಾಕಬಹುದು, ಖಾಸಗಿತನ ಮೊದಲು ಸರಿಮಾಡಿಕೊಂಡು. ಸ್ಟ್ರಾವಾ ಪ್ರಕಟಿಸಿದ ಜಾಗತಿಕ ನಕ್ಷೆಯಲ್ಲಿ ಹಲವು ದೇಶಗಳ ಸೇನಾ ನೆಲೆಗಳೊಳಗಿನ ಓಟದ ದಾರಿಗಳು ಬೆಳಗುತ್ತಿದ್ದದ್ದು 2018ರ ಜನವರಿಯಲ್ಲಿ ಬಯಲಿಗೆ ಬಂತು. ಕಾರವಾರದಲ್ಲಿ ಕದಂಬ ನೌಕಾನೆಲೆ ಇದೆ, ಆಚೆ ಕೈಗಾ ಅಣುಸ್ಥಾವರ ಇದೆ. ಅಲ್ಲಿ ಕೆಲಸಕ್ಕೆ ಹೋಗುವವರು ಗೇಟಿನ ನಿಯಮವನ್ನೇ ಅನುಸರಿಸಿ. ಏರೋಪ್ಲೇನ್ ಮೋಡ್ ಹಾಕಿದರೆ ಸಾಕು ಎಂದುಕೊಳ್ಳಬೇಡಿ, ಆಗಲೂ ವಾಚು ದಾಖಲಿಸುತ್ತಲೇ ಇದ್ದು ಆಮೇಲೆ ಕಳಿಸಬಹುದು.

ಉಳಿದವರು ಪ್ರೈವಸಿ ಕಂಟ್ರೋಲ್ಸ್‌ನಲ್ಲಿ ಚಟುವಟಿಕೆಯನ್ನು ನಿಮಗೆ ಮಾತ್ರ ಎಂದು ಇಡಿ, ಮ್ಯಾಪ್ ವಿಸಿಬಿಲಿಟಿಯಲ್ಲಿ ಆರಂಭ-ಅಂತ್ಯದ ಜಾಗ ಮರೆಮಾಡಿ. ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ದಿನಾ ಬೆಳಿಗ್ಗೆ ನಡೆಯುವವರ ಮನೆ ಎಲ್ಲಿ, ಯಾವ ಹೊತ್ತಿಗೆ ಖಾಲಿ ಇರುತ್ತದೆ ಎಂಬುದು ಅಪರಿಚಿತರಿಗೆ ತಿಳಿಯಬೇಕಿಲ್ಲ.

ತಾಳಮದ್ದಲೆಯ ಆಡಿಯೊ ಫೋನಿಲ್ಲದೆ ಕೇಳಬಹುದೇ?

ಗ್ಯಾಲಕ್ಸಿ ವಾಚಿನಲ್ಲಿ ಸುಲಭ. ಫೋನಿನ ಗ್ಯಾಲಕ್ಸಿ ವೇರಬಲ್ ಆ್ಯಪ್‌ನಲ್ಲಿ ಮ್ಯಾನೇಜ್ ಕಂಟೆಂಟ್ ತೆರೆದು ಎಂಪಿ3 ಫೈಲು ದಾಟಿಸಿ, ಬ್ಲೂಟೂತ್ ಇಯರ್‌ಫೋನ್ ವಾಚಿಗೇ ಜೋಡಿಸಿ. ಮೂರು-ನಾಲ್ಕು ತಾಸಿನ ಪ್ರಸಂಗವನ್ನು ಒಂದೇ ಫೈಲಾಗಿ ಹಾಕಬೇಡಿ, ಅರ್ಧರ್ಧ ಗಂಟೆಗೆ ತುಂಡು ಮಾಡಿ. ವಾಚಿನಲ್ಲಿ ಬೇಕಾದ ಜಾಗಕ್ಕೆ ಸರಿಸುವುದು ಕಷ್ಟ. ಸ್ಪಾಟಿಫೈ, ಯೂಟ್ಯೂಬ್ ಮ್ಯೂಸಿಕ್‌ನಿಂದ ವಾಚಿಗೆ ಹಾಡು ಇಳಿಸಿಕೊಳ್ಳಲು ಹಣ ಕಟ್ಟಿದ ಚಂದಾ ಬೇಕು.

ಬ್ಯಾಟರಿ ಸಂಜೆಯವರೆಗೂ ಬರುವುದಿಲ್ಲ. ಯಾವ ಆ್ಯಪ್ ತಿನ್ನುತ್ತಿದೆ?

ಬಹಳ ಸಲ ಆ್ಯಪ್ ಅಲ್ಲ, ಹೊರಗಿನಿಂದ ತಂದ ವಾಚ್ ಫೇಸ್. ಸೆಕೆಂಡಿಗೊಮ್ಮೆ ಅಲುಗಾಡುವ, ಹತ್ತು ಅಂಕಿ ತೋರಿಸುವ ಮುಖ ತೆಗೆದು ಕಪ್ಪು ಹಿನ್ನೆಲೆಯ ಸಾದಾ ಮುಖ ಹಾಕಿ ಒಂದು ದಿನ ನೋಡಿ. ಆಮೇಲೆ ಸದಾ ಬೆಳಗುವ ಪರದೆ, ರಾತ್ರಿಯ ಆಮ್ಲಜನಕ ಅಳತೆ, ನಿಲ್ಲಿಸಲು ಮರೆತ ಜಿಪಿಎಸ್ ನಡಿಗೆ. ಒಂದು ದಿನಕ್ಕೆ ಒಂದನ್ನೇ ಬದಲಿಸಿ, ಇಲ್ಲವಾದರೆ ಯಾವುದರಿಂದ ಸರಿಯಾಯಿತೆಂದು ತಿಳಿಯದು. ಆಪಲ್‌ನ ಸಾಮಾನ್ಯ ಮಾದರಿಗಳಿಗೆ ಕಂಪನಿಯೇ ಹೇಳುವುದು 18ರಿಂದ 24 ಗಂಟೆ. ಗಾಳಿಮಳೆಗೆ ಎರಡೆರಡು ದಿನ ಕರೆಂಟ್ ಹೋಗುವ ಊರಿನವರಿಗೆ ವಾರಗಟ್ಟಲೆ ಬರುವ ಸಾದಾ ವಾಚೇ ಹೆಚ್ಚು ಒಗ್ಗುತ್ತದೆ.

ಸಂಪರ್ಕ ಪದೇ ಪದೇ ತಪ್ಪುತ್ತದೆ, ಸೂಚನೆ ಬರುವುದಿಲ್ಲ.

ಫೋನು ಬ್ಯಾಟರಿ ಉಳಿಸಲು ವಾಚಿನ ಆ್ಯಪ್ ಅನ್ನು ಹಿನ್ನೆಲೆಯಲ್ಲಿ ಮುಚ್ಚಿಬಿಡುತ್ತಿದೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅಲ್ಲಿ ವಾಚಿನ ಆ್ಯಪ್, ಅದರ ಬ್ಯಾಟರಿ ವಿಭಾಗದಲ್ಲಿ ಅನ್‌ರಿಸ್ಟ್ರಿಕ್ಟೆಡ್ ಆರಿಸಿ. ಶಿಯೋಮಿ, ವಿವೋ, ಒಪ್ಪೊ, ರಿಯಲ್‌ಮಿ ಫೋನುಗಳಲ್ಲಿ ಆಟೋಸ್ಟಾರ್ಟ್ ಕೂಡ ಆನ್ ಮಾಡಬೇಕು. ದಾಮಿನಿಗೂ ಇದನ್ನೇ ಮಾಡಿ. ಆಮೇಲೂ ತಪ್ಪಿದರೆ ಮಾತ್ರ ಜೋಡಣೆ ಅಳಿಸಿ ಹೊಸದಾಗಿ ಜೋಡಿಸಿ.

ಮಳೆಯಲ್ಲಿ ಪರದೆ ತಾನೇ ಒತ್ತಿಕೊಳ್ಳುತ್ತದೆ. ಉಪ್ಪುನೀರಿಗೆ ಇಳಿಸಬಹುದೇ?

ನೀರಹನಿ ಬೆರಳಿನಂತೆ ವಿದ್ಯುತ್ ದಾಟಿಸುವುದರಿಂದ ಪರದೆ ಮೋಸಹೋಗುತ್ತದೆ. ಜೋರು ಮಳೆಗೆ ಹೊರಡುವ ಮುಂಚೆ ವಾಟರ್ ಲಾಕ್ ಹಾಕಿ. ಸೂಚನೆಗಳ ನಡುಕ ಆಗಲೂ ತಿಳಿಯುತ್ತದೆ.

ನೀರು ತಡೆಯುವ ಮಟ್ಟ 5 ಎಟಿಎಂ ಎಂದಿದ್ದರೆ ತೀರದಲ್ಲಿ ಈಜಬಹುದು, ಮುಳುಗು ಹಾಕುವ ಆಟಕ್ಕಲ್ಲ. ಐಪಿ68 ಮಾತ್ರ ಇದ್ದರೆ ಸಮುದ್ರ ಬೇಡ. ಕಡಲಿನಿಂದ ಬಂದ ಮೇಲೆ ಸಿಹಿನೀರಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಚಾರ್ಜಿಗೆ ಇಡಿ. ಅಗ್ಗದ ವಾಚಿನ ಹಿಂದಿರುವ ಎರಡು-ನಾಲ್ಕು ಲೋಹದ ಚುಕ್ಕೆಗಳ ಮೇಲೆ ಉಪ್ಪಿನ ತೇವ ಇರುವಾಗ ವಿದ್ಯುತ್ ಹರಿದರೆ ಲೋಹ ಕರಗಿ ಹಸಿರು ಕಿಲುಬು ಕಟ್ಟುತ್ತದೆ. ಕರಾವಳಿಯಲ್ಲಿ ಚಾರ್ಜ್ ಆಗದೆ ಕೂರುವ ವಾಚುಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ. ಮೆತ್ತನೆಯ ಹಲ್ಲುಜ್ಜುವ ಬ್ರಷ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಎರಡು ಹನಿ ಹಾಕಿ ಉಜ್ಜಿದರೆ ಆರಂಭದ ಕಿಲುಬು ಹೋಗುತ್ತದೆ. ಬೆವರಿನ ದಿನಗಳಲ್ಲಿ ಪಟ್ಟಿಯನ್ನು ರಾತ್ರಿ ಬಿಚ್ಚಿ ತೊಳೆದು ಒಣಗಿಸಿ, ತುರಿಕೆ ಬರುವುದು ಹೆಚ್ಚಾಗಿ ಅಡಿಯಲ್ಲಿ ಉಳಿದ ತೇವದಿಂದ.

ಹಾಕಿದ ಆ್ಯಪ್‌ನಲ್ಲಿ ಯಾವುದನ್ನು ತೆಗೆಯಬೇಕು ಎಂದು ಹೇಗೆ ನಿರ್ಧರಿಸುವುದು?

ಒಂದು ತಿಂಗಳಾದ ಮೇಲೆ ವಾಚಿನ ಪಟ್ಟಿ ತೆರೆದು, ಕಳೆದ ಹದಿನೈದು ದಿನ ಮುಟ್ಟದ್ದನ್ನು ತೆಗೆಯಿರಿ. ಸಿಡಿಲು, ತುರ್ತು ಕರೆಗಳನ್ನು ಮಾತ್ರ ಈ ಲೆಕ್ಕದಿಂದ ಹೊರಗಿಡಿ. ಟೈಡ್ ಆ್ಯಪ್ ಅನ್ನು ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ಕಾಲದಲ್ಲಿ ತೆಗೆದಿಟ್ಟು ಆಗಸ್ಟ್‌ನಲ್ಲಿ ಮತ್ತೆ ಹಾಕಿಕೊಳ್ಳಬಹುದು, ಖಾತೆ ಅದೇ ಇದ್ದರೆ ಕೊಂಡ ಆ್ಯಪ್‌ಗೆ ಮತ್ತೆ ಹಣ ಕೇಳುವುದಿಲ್ಲ.